ನಲವತ್ತೊಂದನೇ ನಂಬರಿನ ಹುಣಸೆಮರ

ಚಿತ್ರದುರ್ಗ
14 ಆಗಸ್ಟ್ 2025

ಲೇ ಪ್ರಭು,

ನಿನಗೂ ನಿನ್ನ ಮನೆಯವರಿಗೂ ಜಂಬಣ್ಣನ ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ, ಹೊಸದುರ್ಗದಲ್ಲಿ ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ನೀನು ಕಟ್ಟಿದ ಗಾಲ್ಫ್ ಕೋರ್ಸಿನ ಫೈಲ್ ಕಳಿಸಿ ನಲವತ್ತು ದಿನ ಆಯ್ತು. ತಡ ಮಾಡಿದ್ದು ತಪ್ಪು, ಹೊಟ್ಟೆಗೆ ಹಾಕಿಕೋ. ಇಲ್ಲಿಗೆ ಮರ್ಯಾದೆಯ ಮಾತು ಮುಗಿಯಿತು, ಇನ್ನು ಮೇಲೆ ಬೈಗುಳ.

ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ಬೈದರೆ 'ಗಿರಾಕಿ ಬಂದ್ರು ಕಣೋ' ಅಂತ ಕಟ್ ಮಾಡ್ತೀಯ. ವಾಟ್ಸಾಪಿನಲ್ಲಿ ಉದ್ದ ಬರೆದರೆ ಕೈಮುಗಿಯೋ ಚಿತ್ರ ಒಂದು ಒತ್ತಿ ಮುಗಿಸ್ತೀಯ. ಗಾಲ್ಫ್ ಸೈಟಿನಲ್ಲಿ ಪರೀಕ್ಷಕನ ಫಾರಂ ತುಂಬಬೇಕು ಅಂದರೆ ಇಂಗ್ಲಿಷಿನಲ್ಲಿ ತುಂಬಬೇಕು. ಇಂಗ್ಲಿಷಿನಲ್ಲಿ ನನಗೆ ವರದಿ ಬರೆಯೋಕೆ ಬರುತ್ತೆ, ಸಿಟ್ಟು ಮಾಡೋಕೆ ಬರಲ್ಲ. ಅದಕ್ಕೆ ಸ್ಪೀಡ್ ಪೋಸ್ಟಿನಲ್ಲಿ ನಿನ್ನ ಫ್ಲೆಕ್ಸ್ ಅಂಗಡಿಗೇ ಕಳಿಸ್ತಿದ್ದೇನೆ. ಸಹಿ ಹಾಕಿ ತಗೋ, ಕೂತು ಪೂರ್ತಿ ಓದು.

ನಿನ್ನೆ ಏಕಾಂತಮ್ಮ ಬೇಳೆ ಆರಿಸುವ ಮೊರ ಹಿಡಕೊಂಡು ಬಂದು ಕಂಪ್ಯೂಟರ್ ಪಕ್ಕ ಕೂತಳು. "ಅಲ್ರೀ, ಗುಂಡಿಗೊಂದು ಚೆಂಡು ಬೀಳ್ಸಾಕೆ ಇಷ್ಟ್ ದೊಡ್ಡ ಕಾಡು ಯಾಕ್ರಿ ಬೇಕು? ನಲ್ವತ್ ದಿನದಿಂದ ಇದನ್ನೇ ಬೈಕಂತ ಕುಂತೀರಲ್ಲ" ಅಂದಳು. ಒಂದಲ್ಲ ಕಣೇ, ಹದಿನೆಂಟು ಗುಂಡಿ, ಹೋಲ್ ಅಂತಾರೆ, ಇದು ಕಂಪ್ಯೂಟರಿನಲ್ಲಿ ಆಡೋ ಗಾಲ್ಫ್ ಆಟ, ಈ ಕಾಡನ್ನು ನಮ್ಮ ಪ್ರಭು ಒಂದೊಂದೇ ಮರ ನೆಟ್ಟು ಕಟ್ಟಿದ್ದಾನೆ ಅಂದೆ. ಪ್ರಪಂಚದ ಎಲ್ಲೆಲ್ಲಿಯವರೋ ಹೀಗೆ ಕಟ್ಟಿ ಕಳಿಸ್ತಾರೆ, ಇಬ್ಬರು ಪರೀಕ್ಷಕರು ಆಡಿ ನೋಡಿ ಒಪ್ಪಿದರೆ ಮಾತ್ರ ಪಟ್ಟಿಗೆ ಸೇರುತ್ತೆ, ಇದಕ್ಕೆ ಮೊದಲನೆಯವನು ಯಾರೋ ಸ್ಕಾಟ್ಲೆಂಡಿನವನು ಒಪ್ಪಿ ಆಗಿದೆ, ಎರಡನೆಯವನು ನಾನು, ಈ ತಿಂಗಳ ಕೊನೆಯೊಳಗೆ ನಾನು ಒಪ್ಪದಿದ್ದರೆ ಈ ವರ್ಷದ ಕಾಡುಕೋರ್ಸುಗಳ ಸ್ಪರ್ಧೆಗೆ ಇದು ಹೋಗಲ್ಲ ಅಂತ ಎಲ್ಲ ಬಿಡಿಸಿ ಹೇಳಿದೆ. ಅವಳು ಮೊರ ಕೊಡವಿ, "ಹಂಗಾರೆ ಹೂಂ ಅಂದ್ಬಿಡ್ರಿ. ನಿಮ್ ಗಂಟೇನ್ ಹೋಗ್ತೈತೆ?" ಅಂದಳು.

ನನ್ನ ಗಂಟು ಏನು ಹೋಗುತ್ತೆ ಅಂತ ಹೇಳ್ತೀನಿ ಕೇಳು.

ಮೊದಲನೇ ಹೋಲ್. ಎಡಗಡೆ ಹದಿನಾರು ಬೇವಿನ ಮರ, ಬಲಗಡೆ ಹದಿನಾರು. ಮೂವತ್ತೆರಡೂ ಒಂದೇ ಮರ! ಒಂದು ಫೋಟೋ ತೆಗೆದು, ಕತ್ತರಿಸಿ, ಅರ್ಧವನ್ನು ಹಾಗೇ ಅಂಟಿಸಿ ಅರ್ಧವನ್ನು ಕನ್ನಡಿಯಲ್ಲಿ ತಿರುಗಿಸಿ ಅಂಟಿಸಿದ್ದೀಯ. ಹೇಗೆ ಗೊತ್ತಾಯ್ತು ಅಂತೀಯಾ? ಪ್ರತಿಯೊಂದು ಮರದ ಎರಡನೇ ಕೊಂಬೆಯಲ್ಲೂ ಒಂದು ಹರಿದ ಕೆಂಪು ಗಾಳಿಪಟ ಸಿಕ್ಕಿಕೊಂಡಿದೆ. ಒಂದೇ ಕಾಡಿನಲ್ಲಿ ಮೂವತ್ತೆರಡು ಹರಿದ ಗಾಳಿಪಟ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಶುಭ ಕೋರುವವರ ಮುಖಗಳನ್ನು ಸಾಲಾಗಿ ಅಂಟಿಸಿ ಅಂಟಿಸಿ ಕೈಗೆ ಅದೇ ಚಾಳಿ ಬಂದಿದೆ ನಿನಗೆ. ಆ ಗಾಳಿಪಟವನ್ನಾದರೂ ಅಳಿಸಬಾರದಾ ಮಾರಾಯ?

ನಾಲ್ಕನೇದರಲ್ಲಿ ಕೆರೆ. ನೋಡೋಕೆ ಬಲು ಚಂದ, ನೀರಿನಲ್ಲಿ ಮೋಡ ಬೇರೆ ಕಾಣಿಸುತ್ತೆ. ಆದರೆ ಕೆರೆಯ ಕೋಡಿ ಏರಿಗಿಂತ ಎರಡಡಿ ಎತ್ತರದಲ್ಲಿದೆ. ಹೆಚ್ಚಾದ ನೀರು ಕೋಡಿ ಹತ್ತಿ ಹೋಗುತ್ತಾ ಇಲ್ಲ ಏರಿಯನ್ನೇ ಕೊಚ್ಚಿಕೊಂಡು ಹೋಗುತ್ತಾ? ಭರಮಸಾಗರದ ಕೆರೆ ಏರಿಯ ಮೇಲೆ ನಿನ್ನನ್ನು ನಿಲ್ಲಿಸಿಕೊಂಡು ಅರ್ಧ ದಿನ ಇದನ್ನೇ ಹೇಳಿಕೊಟ್ಟಿದ್ದೆನಲ್ಲೋ. ಅವತ್ತು ನೀನು ಮಂಡಕ್ಕಿ ತಿನ್ನುತ್ತಾ ಹೂಂ ಹೂಂ ಅಂದಿದ್ದೇ ಬಂತು. ಸ್ಕಾಟ್ಲೆಂಡಿನವನು 'ಅದ್ಭುತ ಜಲಾಶಯ' ಅಂತ ಬರೆದಿದ್ದಾನೆ, ಅವನಿಗೇನು ಗೊತ್ತು. ಇಪ್ಪತ್ತೆರಡು ವರ್ಷ ಸರ್ವೆ ಮಾಡಿದವನಿಗೆ ಇಂಥದ್ದು ಕಣ್ಣಿಗೆ ಬಿದ್ದರೆ ಅನ್ನ ಇಳಿಯಲ್ಲ.

ಏಳನೇದನ್ನು ಬೈಯೋಕೆ ನನ್ನ ಕೈಲಿ ಆಗಲಿಲ್ಲ. ಬಂಡೆಗಳ ನಡುವೆ ಆ ಸೀತಾಫಲದ ಗಿಡಗಳು, ಅದರಾಚೆ ಮುತ್ತುಗದ ಹೂವು, ಚೆಂಡು ಬಂಡೆಗೆ ಬಡಿದರೆ ಠಣ್ ಅಂತ ಬರೋ ಸದ್ದು. ಆ ಒಂದು ಹೋಲನ್ನೇ ಒಂಬತ್ತು ಸಲ ಆಡಿದೆ. ನಮ್ಮೂರು ತಾಳ್ಯದ ಹಿಂದಿನ ಗುಡ್ಡದಲ್ಲಿ ಚಿಕ್ಕವನಿದ್ದಾಗ ಓಡಾಡಿದ್ದು ನೆನಪಾಯಿತು. ನಿನ್ನ ಕೈಯಲ್ಲಿ ಕಲೆ ಇದೆ ಕಣೋ, ಸೋಮಾರಿತನದ ಜೊತೆಗೇ ಇದೆ. ಹೊಗಳಿಕೆ ಇಷ್ಟೇ, ಮುಗಿಯಿತು.

ಈಗ ಗುಡ್ಡದ ವಿಷಯಕ್ಕೆ ಬರ್ತೀನಿ. ಒಂಬತ್ತರಿಂದ ಹನ್ನೆರಡರವರೆಗೆ ರಾಮಗಿರಿ ಗುಡ್ಡದ ಬುಡ. ಅಲ್ಲಿ ನೆಲ ಹೇಗೆ ಏರುತ್ತೆ ಅಂತ ನಾವಿಬ್ಬರೂ ಅಳೆದಿದ್ದೇವೆ. ಒಂದು ಕಡೆ ನಲವತ್ತು ಅಡಿ ಏರು. ನಿನ್ನ ಕೋರ್ಸಿನಲ್ಲಿ ಅದು ಊಟದ ತಟ್ಟೆ. ಎಲ್ಲಾ ಚಪ್ಪಟೆ. ಅಷ್ಟೂ ಸಾಲದು ಅಂತ ಪ್ರತಿ ಹೋಲಿಗೂ ಪಕ್ಕದಲ್ಲಿ ನುಣ್ಣಗಿನ ದಾರಿ, ಕೂರೋಕೆ ಕಲ್ಲುಬೆಂಚು, ಒಂದು ಕಡೆ ಹಿಡಿದುಕೊಳ್ಳೋಕೆ ಕಂಬಿ. ಯಾಕಪ್ಪ ಅಂತ ತಲೆ ಕೆರೆದುಕೊಂಡೆ. ಆಮೇಲೆ ಫೈಲಿನ ವಿವರಣೆ ಓದಿದೆ. 'ಎಲ್ಲರೂ ಆಯಾಸವಿಲ್ಲದೆ ಸಾಗಬಹುದಾದ ಕಾಡು. ಆತ್ಮೀಯ ಗೆಳೆಯ ಜಂಬಣ್ಣನಿಗೆ ಅರ್ಪಣೆ.'

ಲೇ, ಕಂಪ್ಯೂಟರಿನ ಗುಡ್ಡ ಹತ್ತೋಕೆ ಕಾಲು ಯಾಕೋ ಬೇಕು? ಎರಡು ಬೆರಳು ಸಾಕು. ನನ್ನ ಹತ್ತೂ ಬೆರಳು ನೆಟ್ಟಗಿವೆ. ನನ್ನ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ ಅಂತ ನೀನು ಗುಡ್ಡವನ್ನೇ ಕಿತ್ತುಹಾಕಿದೆಯಲ್ಲ, ಅದನ್ನು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಮೌಸ್ ಎತ್ತಿ ಗೋಡೆಗೆ ಒಗೆದೆ. ಏಕಾಂತಮ್ಮ ಓಡಿ ಬಂದಳು. ಹಲ್ಲಿ ಅಂದೆ.

ಊಟದ ಹೊತ್ತಾಯಿತು, ಅವಳು ಕರೀತಿದ್ದಾಳೆ. ಉಳಿದದ್ದು ನಾಳೆ.

15 ಆಗಸ್ಟ್, ಬೆಳಿಗ್ಗೆ

ರಾತ್ರಿ ಮಲಗಿ ಎದ್ದರೂ ಸಿಟ್ಟು ಇಳಿದಿಲ್ಲ. ಹೊರಗೆ ಶಾಲೆ ಮಕ್ಕಳು ಬಾವುಟ ಹಿಡಿದು ಹೋಗ್ತಿದ್ದಾರೆ. ನಾನು ಹದಿಮೂರನೇ ಹೋಲಿಗೆ ಬಂದಿದ್ದೇನೆ.

ಅದು ಬಲಕ್ಕೆ ತಿರುಗುವ ಹೋಲ್. ತಿರುವಿನ ಮೂಲೆ ಖಾಲಿ. ಬರೀ ಹುಲ್ಲು. ನಾಲ್ಕು ಏಟಿನಲ್ಲಿ ಮುಗಿಯಬೇಕಾದದ್ದು ಅದು. ತಿರುವು ಸುತ್ತಿ ಹೋಗಬೇಕು, ಅದೇ ಅದರ ಮಜಾ. ಮೂಲೆ ಖಾಲಿ ಇದ್ದರೆ ಯಾರು ಸುತ್ತಿ ಹೋಗ್ತಾರೆ? ನೇರ ಅಡ್ಡ ಹೊಡೀತಾರೆ. ಏಕಾಂತಮ್ಮನ ಕೈಗೆ ಮೌಸ್ ಕೊಟ್ಟೆ, ಜನ್ಮದಲ್ಲಿ ಆಡಿದವಳಲ್ಲ ಅವಳು, ಎರಡೇ ಏಟಿಗೆ ಗುಂಡಿಗೆ ಹಾಕಿದಳು. "ಇಷ್ಟೇನಾ?" ಅಂದಳು. ಅದನ್ನೇ ನಾನೂ ಕೇಳ್ತಿದ್ದೇನೆ, ಇಷ್ಟೇನಾ ಪ್ರಭು?

ಮೊದಲು ಇದೂ ನಿನ್ನ ಸೋಮಾರಿತನ ಅಂದುಕೊಂಡೆ. ಆಮೇಲೆ ಯಾಕೋ ಅನುಮಾನ ಬಂದು ಬೀರುವಿನಿಂದ ನಮ್ಮ ಹಳೇ ನಕ್ಷೆ ತೆಗೆದೆ. ನೆನಪಿದೆಯಾ? ಒಂದೂವರೆ ವರ್ಷದ ಭಾನುವಾರಗಳು. ನಿನ್ನ ಬೈಕು, ನನ್ನ ಲೆವೆಲ್ ಮೆಷಿನ್ನು. ಟೇಪಿನ ಒಂದು ತುದಿ ನೀನು, ಇನ್ನೊಂದು ತುದಿ ನಾನು. ಹೊಳಲ್ಕೆರೆಯಲ್ಲಿ ನಿನ್ನ ಸೈಬರ್ ಸೆಂಟರ್ ಇದ್ದಾಗ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಗಾಲ್ಫ್ ಸಿಡಿ ಹಾಕಿ ಆಡುತ್ತಿದ್ದ ನಾವು, ನಿಜವಾದ ಗಾಲ್ಫ್ ಮೈದಾನವನ್ನು ಕಣ್ಣಿನಿಂದ ನೋಡಿಲ್ಲದ ನಾವು, ರಾಮಗಿರಿ ರಸ್ತೆಯಿಂದ ಗುಡ್ಡದ ಬುಡದವರೆಗೆ ಅಳೆದು ನಮ್ಮದೇ ಕಾಡು ಕಟ್ಟೋಣ ಅಂತ ಹೊರಟಿದ್ದೆವು. ಒಂದೊಂದು ದೊಡ್ಡ ಮರಕ್ಕೂ ಸುಣ್ಣದಲ್ಲಿ ನಂಬರ್ ಬರೆದೆವು. ಒಟ್ಟು ನೂರ ಹದಿನಾರು. ನಕ್ಷೆಯಲ್ಲಿ ಯಾವ ನಂಬರ್ ಎಲ್ಲಿದೆ ಅಂತ ಅಡಿ ಲೆಕ್ಕದಲ್ಲಿ ನಾನು ಗುರುತು ಮಾಡಿದ್ದೆ, ಒಂದು ಜೆರಾಕ್ಸ್ ನಿನಗೂ ಕೊಟ್ಟಿದ್ದೆ.

ಆ ನಕ್ಷೆ ಪಕ್ಕದಲ್ಲಿಟ್ಟುಕೊಂಡು ನಿನ್ನ ಕೋರ್ಸನ್ನು ಒಂದು ಕಡೆಯಿಂದ ತಾಳೆ ನೋಡಿದೆ. ಮೂರು ದಿನ ಹಿಡಿಯಿತು. ಒಂದನೇ ಮರದಿಂದ ನಲವತ್ತನೇ ಮರದವರೆಗೆ ಎಲ್ಲವೂ ಇವೆ. ನಲವತ್ತೆರಡರಿಂದ ನೂರ ಹದಿನಾರರವರೆಗೂ ಇವೆ. ಒಂದಡಿ ಆಚೆ ಈಚೆ ಇಲ್ಲ. ಗಾಳಿಪಟದ ಬೇವೆಲ್ಲ ನಡುವೆ ತುಂಬಿದ್ದು, ಆದರೆ ನಂಬರಿನ ಮರಗಳನ್ನು ಮಾತ್ರ ನೀನು ಕಣ್ಣಿಗೆ ಒತ್ತಿಕೊಂಡು ನೆಟ್ಟಿದ್ದೀಯ. ಇಲ್ಲದಿರೋದು ನಲವತ್ತೊಂದು ಒಂದೇ. ತಿರುವಿನ ಹುಣಸೆಮರ.

ಮರೆತಿದ್ದಲ್ಲ ಅದು. ತೆಗೆದಿದ್ದು.

ಆ ಮರಕ್ಕೆ ನಿನ್ನ ಬೈಕು ಬಡಿಯಿತು, ಹಿಂದೆ ಕೂತಿದ್ದ ನನ್ನ ಕಾಲು ಸಿಕ್ಕಿಕೊಂಡಿತು. ಅಷ್ಟೇ ಆಗಿದ್ದು. ಮೇಕೆ ಅಡ್ಡ ಬಂತು, ನೀನು ತಪ್ಪಿಸಿದೆ. ಆ ಜಾಗದಲ್ಲಿ ನಾನು ಓಡಿಸುತ್ತಿದ್ದರೂ ಅದನ್ನೇ ಮಾಡುತ್ತಿದ್ದೆ, ಬಹುಶಃ ಇನ್ನೂ ಕೆಟ್ಟದಾಗಿ ಮಾಡುತ್ತಿದ್ದೆ, ನನ್ನ ಡ್ರೈವಿಂಗ್ ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ನಿನಗೆ ನಾನು ಹೇಳಿದ ಮೊದಲ ಮಾತೇ ಇದು. ನೀನು ತಲೆ ಬಗ್ಗಿಸಿಕೊಂಡು ಕೂತಿದ್ದೆ. ಎರಡು ದಿನ ಇದ್ದೆ, ಆಮೇಲೆ ಹೋದೆ. ಹೋದವನು ಮನೆಗೆ ಬರಲೇ ಇಲ್ಲ, ಕರೆದರೆ ಅಂಗಡಿ, ಗಿರಾಕಿ, ಚುನಾವಣೆಯ ಫ್ಲೆಕ್ಸು, ಮಗಳ ಪರೀಕ್ಷೆ. ಮೂರು ವರ್ಷದಿಂದ ಅದನ್ನೆಲ್ಲ ಕೇಳಿಸಿಕೊಂಡಿದ್ದೇನೆ, ಇರಲಿ ಬಿಡು.

ಬರಗೇರಮ್ಮ ಗೊತ್ತಲ್ಲ, ಆ ಮರದ ಹುಣಸೆಹಣ್ಣು ಬಡಿಯೋ ಮುದುಕಿ, ಅವತ್ತು ಸೀರೆ ಸೆರಗು ಹರಿದು ನನ್ನ ಕಾಲು ಕಟ್ಟಿದವಳು. ಅವಳು ವರ್ಷಕ್ಕೊಂದು ಸಲ ಬಸ್ ಹತ್ತಿ ನಮ್ಮ ಮನೆಗೆ ಬರ್ತಾಳೆ. ಬರುವಾಗ ಹುಣಸೆಹಣ್ಣಿನ ಉಂಡೆ ತರ್ತಾಳೆ. ಮೊದಲನೇ ಸಲ ಬಂದಾಗ ಬಾಗಿಲಲ್ಲೇ ನಿಂತು ಅತ್ತಳು. "ಸಾಹೇಬ್ರೆ, ಅಡ್ಡ ಬಂದಿದ್ದು ನನ್ ಮೇಕೆ. ಕಟ್ಟಿ ಹಾಕಿದ್ರೆ ಹಿಂಗಾಗ್ತಿರ್ಲಿಲ್ಲ. ಬೈಯ್ರಿ, ಹೊಡೀರಿ, ಏನಾರ ಮಾಡ್ರಿ" ಅಂದಳು. ಏಕಾಂತಮ್ಮ ಒಳಗೆ ಕರೆದು ಮುದ್ದೆ ಬಡಿಸಿದಳು. ನೋಡು, ಮೇಕೆಯವಳು ಬಂದಳು.

ಈ ಸಲ ಬಂದವಳು ಇನ್ನೊಂದು ಮಾತು ಹೇಳಿದಳು. "ನಿಮ್ ದೋಸ್ತು ಆ ಬೈಕಿನೋರು ಬಂದಿದ್ರು ಕಣ್ರಿ. ಮರದ ಬುಡದಾಗೆ ಬಾಳ ಹೊತ್ತು ಕುಂತಿದ್ರು. ಆಮ್ಯಾಲೆ ಎದ್ದು, ಅಮ್ಮ, ಈ ಮರ ಕಡಿಸ್ಬೇಕು, ಯಾರಿಗೆ ಅರ್ಜಿ ಕೊಡ್ಬೇಕು ಅಂದ್ರು. ನಂಗೆ ಎಲ್ಲಿತ್ತೋ ಸಿಟ್ಟು. ನಿಮ್ಮಪ್ಪ ನೆಟ್ಟಿದ್ನೇನೋ, ಮರದ್ದೇನೈತೋ ತಪ್ಪು ಅಂತ ಉಗಿದು ಕಳ್ಸಿದೆ" ಅಂದಳು. ಅವಳ ಮುಂದೆ ನಕ್ಕೆ. ಅವಳು ಹೋದ ಮೇಲೆ ನಗು ಬರಲಿಲ್ಲ. ನಿಜವಾದ ಮರ ಕಡಿಸೋಕೆ ಆ ಮುದುಕಿ ಬಿಡಲಿಲ್ಲ, ಅದಕ್ಕೆ ಕಂಪ್ಯೂಟರಿನಲ್ಲಿ ಕಡಿದೆ, ಅಲ್ಲವಾ?

ಈಗ ತೀರ್ಪು ಕೇಳು. ಒಪ್ಪಿಗೆ ಇಲ್ಲ. ಈ ಕೋರ್ಸಿಗೆ ಜಂಬಣ್ಣ ಒಪ್ಪಿಗೆ ಕೊಡಲ್ಲ. ಸ್ಪರ್ಧೆಗೆ ಇನ್ನು ಹದಿನಾರು ದಿನ ಇದೆ. ಮೂವತ್ತೊಂದು ಗಾಳಿಪಟ ಅಳಿಸು, ಒಂದು ಇರಲಿ, ಪಾಪ ಅದು ಯಾವ ಮಗುವಿನದೋ. ಕೋಡಿಯನ್ನು ಏರಿಗಿಂತ ಕೆಳಗಿಳಿಸು. ಗುಡ್ಡ ಎದ್ದು ನಿಲ್ಲಬೇಕು, ನಲವತ್ತು ಅಡಿ, ಒಂದು ಅಡಿ ಕಡಿಮೆ ಆದರೂ ವಾಪಸ್ ಕಳಿಸ್ತೀನಿ. ಬೆಂಚು, ಕಂಬಿ ಎಲ್ಲ ಕೀಳು. ನನ್ನ ಹೆಸರಿನ ಅರ್ಪಣೆಯನ್ನೂ ಕೀಳು, ಅರ್ಪಣೆ ಸತ್ತವರಿಗೆ ಮಾಡೋದು. ನನ್ನ ಬೆವರಿನಲ್ಲಿ ಅಳೆದ ನೆಲ ಅದು. ಕಟ್ಟಿದವರು ಅನ್ನೋ ಕಡೆ ಪ್ರಭು ಮತ್ತು ಜಂಬಣ್ಣ ಅಂತ ಬರಿ. ಪರೀಕ್ಷಕನೇ ಕಟ್ಟಿದವನೂ ಆಗೋ ಹಾಗಿಲ್ಲ ಅಂತ ಸೈಟಿನವರು ತಕರಾರು ತೆಗೆದರೆ, ಪರೀಕ್ಷಕನ ಕೆಲಸ ಬಿಡ್ತೀನಿ, ಬೇರೆ ಯಾರಾದರೂ ನೋಡಲಿ.

ಆಮೇಲೆ ನಲವತ್ತೊಂದನ್ನು ಅದರ ಜಾಗಕ್ಕೆ ನೆಡು. ಬೇರೆ ಹುಣಸೆಮರದ ಫೋಟೋ ಅಂಟಿಸಬೇಡ, ನನಗೆ ಗೊತ್ತಾಗುತ್ತೆ. ಅಲ್ಲಿಗೆ ಹೋಗಿ, ಅದೇ ಮರದ ಫೋಟೋ ತೆಗಿ. ಬೈಕು ಬಡಿದ ಕಡೆ ತೊಗಟೆ ಎದ್ದಿದೆಯಂತೆ, ಅದೂ ಕಾಣಿಸಬೇಕು. ಆ ಮರ ಇಲ್ಲದೆ ಆ ಹೋಲಿಗೆ ಅರ್ಥವೇ ಇಲ್ಲ ಕಣೋ, ಪರೀಕ್ಷಕನಾಗಿ ಹೇಳ್ತಿದ್ದೇನೆ. ಅದನ್ನು ಸುತ್ತಿ ಹೋಗೋಕೆ ಆಟಗಾರನಿಗೆ ಕಷ್ಟ ಆಗಬೇಕು. ಚೆಂಡು ಮರಕ್ಕೆ ಬಡಿದರೆ ಬಡಿಯಲಿ.

ಇಷ್ಟೆಲ್ಲ ಬೈದೆ ಅಂತ ಊಟ ಬಿಡಬೇಡ. ಮಗಳು ಚೆನ್ನಾಗಿ ಓದಲಿ, ಒಳ್ಳೆ ಮಾರ್ಕ್ಸ್ ತೆಗೀಲಿ, ಅವಳಿಗೆ ನನ್ನ ಆಶೀರ್ವಾದ. ನಿನ್ನ ಮನೆಯವರಿಗೆ ಏಕಾಂತಮ್ಮ ಕೇಳಿದಳು ಅಂತ ಹೇಳು, ಬರಗೇರಮ್ಮ ತಂದದ್ದರಲ್ಲಿ ನಿಮ್ಮ ಪಾಲಿನ ಹುಣಸೆಹಣ್ಣು ಇನ್ನೂ ಡಬ್ಬಿಯಲ್ಲಿದೆಯಂತೆ. ದೇವರು ನಿಮ್ಮನ್ನೆಲ್ಲ ತಣ್ಣಗೆ ಇಟ್ಟಿರಲಿ. ಆ ಪರದೆ ನೋಡಿ ನೋಡಿ ಕಣ್ಣು ಹಾಳು ಮಾಡಿಕೊಳ್ಳಬೇಡ.

ಸಿಟ್ಟು ಇಳಿಯದ,
ನಿನ್ನ ಜಂಬಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚೋಕೆ ಹೋದವನು ಮತ್ತೆ ಬಿಚ್ಚಿ ಇದನ್ನು ಬರೀತಿದ್ದೇನೆ. ಮರ, ಕೆರೆ, ಗುಡ್ಡ, ಇವುಗಳ ವಿಷಯಕ್ಕೆ ಸಿಟ್ಟು ಬಂದಿದ್ದು ನಿಜ. ಆದರೆ ನಲವತ್ತು ದಿನ ಉಳಿಯೋ ಅಂಥ ಸಿಟ್ಟಲ್ಲ ಅದು.

ಫೆಬ್ರವರಿಯಲ್ಲಿ ನೀನು ಬಂದಿದ್ದೆ. ನಮ್ಮ ಮನೆ ಎದುರು ದುರ್ಗೇಶನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಒಣಗಿದ ಟವೆಲ್ ತಗೊಳ್ಳೋಕೆ ನಾನು ಮಹಡಿಯ ಬಾಲ್ಕನಿಗೆ ಬಂದವನು ನೋಡಿದೆ. "ಪ್ರಭೂ" ಅಂತ ಕೂಗಿದೆ. ನೀನು ತಲೆ ಎತ್ತಿ ನೋಡಿದೆ. ನನ್ನನ್ನೇ ನೋಡಿದೆ. ಮೇಲೆ ಬರ್ತಾನೆ ಅಂತ ಬಾಗಿಲು ತೆಗೆದಿಟ್ಟು ನಿಂತೆ. ನೀನು ಬರಲಿಲ್ಲ. ಏಕಾಂತಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು, ಕೈ ಹಿಡಿಯೋಕೆ ಯಾರೂ ಇರಲಿಲ್ಲ. ಹೊಸ ಕಾಲು ಕಟ್ಟಿಕೊಂಡ ಮೇಲೆ ಒಬ್ಬನೇ ಮೆಟ್ಟಿಲು ಇಳಿದಿರಲಿಲ್ಲ ನಾನು. ಅವತ್ತು ಇಳಿದೆ. ಹದಿನಾಲ್ಕು ಮೆಟ್ಟಿಲು. ಒಂಬತ್ತನೇದರಲ್ಲಿದ್ದಾಗ ಬೈಕ್ ಸ್ಟಾರ್ಟ್ ಆದ ಸದ್ದು ಕೇಳಿತು. ಬೇರೆ ಯಾರದ್ದೋ ಇರಬೇಕು ಅಂದುಕೊಂಡು ಉಳಿದ ಐದನ್ನೂ ಇಳಿದೆ, ರಸ್ತೆ ದಾಟಿದೆ. ಏಕಾಂತಮ್ಮನಿಗೆ ಇದು ಇವತ್ತಿಗೂ ಗೊತ್ತಿಲ್ಲ.

ದುರ್ಗೇಶ ಹೇಳಿದ, "ಈಗ್ ತಾನೇ ಹೋದ್ರಣ್ಣ. ತಿಂಗ್ಳಿಗೊಂದ್ಸಲ ಬಂದು, ಹೆಂಗೆ ಓಡಾಡ್ತಾನೆ ಅಂತ ನನ್ನನ್ನ ಕೇಳ್ಕಂಡು ಹೋಗ್ತಾರೆ. ನಿಮ್ಗೆ ಹೇಳ್ಬ್ಯಾಡ ಅಂದವ್ರೆ." ಬೆಂಚಿನ ಮೇಲೆ ನೀನು ಅರ್ಧ ಕುಡಿದಿಟ್ಟ ಟೀ ಇತ್ತು. ಲೋಟ ಮುಟ್ಟಿ ನೋಡಿದೆ, ಇನ್ನೂ ಬಿಸಿ ಇತ್ತು.